ಬಸ್ಸಾರಿಗೆ ಬೈಗುಳ, ಕ್ಯಾಲ್ಸಿಯಂ ಮಾತ್ರೆಗೆ ಮಾಫಿ

ವಿಟಮಿನ್ ಕೆ ಇರುವ ಮಾತ್ರೆ ನುಂಗಿದರೆ ರಕ್ತ ಗಟ್ಟಿಯಾಗಿ ಹೃದಯಾಘಾತವಾಗುತ್ತದೆ ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಮಂಡ್ಯದಲ್ಲಿ ಔಷಧಿ ಅಂಗಡಿ ಇಟ್ಟಿರುವ ನನಗೆ ಅದು ಊರಿನ ಎಲ್ಲ ಗುಂಪುಗಳಿಂದಲೂ ಬಂದು ತಲುಪಿದೆ. ಕಲ್ಲಿನಂತೆ ಗಟ್ಟಿಯಿರುವ ಆಳುಗಳು ಅರ್ಧ ಮುಗಿದ ಕ್ಯಾಲ್ಸಿಯಂ ಸ್ಟ್ರಿಪ್ ಹಿಡಿದು ಬಂದು, ‘ಅಣ್ಣಾ, ಇದರಲ್ಲಿ ಕೆ ಇದೆಯಂತೆ, ವಾಪಸ್ ತೆಗೆದುಕೊಳ್ಳಿ’ ಎನ್ನುತ್ತಾರೆ. ನಿಜಕ್ಕೂ ಹೆದರಬೇಕಾದ ಗಿರಾಕಿ ಮಾತ್ರ ಅದೇ ಮಾತ್ರೆಯನ್ನು ತಿಂಗಳಿಗಾಗುವಷ್ಟು ಕಟ್ಟಿಸಿಕೊಂಡು ನೆಮ್ಮದಿಯಾಗಿ ಮನೆಗೆ ಹೋಗುತ್ತಾನೆ. ನನ್ನ ತಕರಾರು ಇರುವುದು ಈ ತಲೆಕೆಳಗಾದ ಭಯದ ಬಗ್ಗೆ.

ಮೊದಲು ಆರೋಗ್ಯವಾಗಿರುವವರ ವಿಷಯ ಮುಗಿಸಿಬಿಡುತ್ತೇನೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ನಮ್ಮ ಯಕೃತ್ತು ತಯಾರಿಸುತ್ತದೆ. ವೈದ್ಯಕೀಯದಲ್ಲಿ ಅವುಗಳಿಗೆ 2, 7, 9, 10 ಎಂದು ನಂಬರ್ ಕೊಟ್ಟಿದ್ದಾರೆ. ವಿಟಮಿನ್ ಕೆ ಇಲ್ಲದಿದ್ದರೆ ಅವು ತಯಾರಾದರೂ ಕೆಲಸಕ್ಕೆ ಬಾರವು. ಆದರೆ ಹೆಪ್ಪು ಮಿತಿಮೀರದಂತೆ ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಎಂಬವಕ್ಕೂ ಇದೇ ವಿಟಮಿನ್ ಬೇಕು. ವಾಟ್ಸಾಪ್ ಪಂಡಿತರು ಈ ಅರ್ಧವನ್ನು ಹೇಳುವುದೇ ಇಲ್ಲ. ಇನ್ನು ಹೆಚ್ಚು ತಿಂದರೆ ಏನಾಗುತ್ತದೆ? ಗದ್ದೆ ತುಂಬಿದ ಮೇಲೆ ನಾಲೆಯಿಂದ ಇನ್ನಷ್ಟು ನೀರು ಬಿಟ್ಟರೆ ಅದು ಬದು ದಾಟಿ ಹೋಗುತ್ತದೆಯೇ ಹೊರತು ಭತ್ತ ಎರಡರಷ್ಟು ಬೆಳೆಯುವುದಿಲ್ಲ. ಇದೂ ಹಾಗೆಯೇ. ಇರುವ ಪ್ರೋಟೀನುಗಳೆಲ್ಲ ಸಿದ್ಧವಾದ ಮೇಲೆ ಹೆಚ್ಚಿನ ಕೆ ರಕ್ತವನ್ನು ಇನ್ನಷ್ಟು ಗಟ್ಟಿ ಮಾಡುವುದಿಲ್ಲ.

ಜಪಾನಿನಲ್ಲಿ ಮೂಳೆ ಸವೆತಕ್ಕೆ ವಿಟಮಿನ್ ಕೆಯ ಕೆ2 ಎಂಬ ರೂಪದ ಒಂದು ಬಗೆಯನ್ನು ದಿನಕ್ಕೆ 45 ಮಿಲಿಗ್ರಾಂನಂತೆ ಔಷಧಿಯಾಗಿಯೇ ಕೊಡುತ್ತಾರೆ. ನಮ್ಮ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು 45 ಮೈಕ್ರೋಗ್ರಾಂ. ಸಂಖ್ಯೆ ಒಂದೇ, ಪ್ರಮಾಣದಲ್ಲಿ ಸಾವಿರ ಪಟ್ಟು ಅಂತರ. ಅಷ್ಟು ನುಂಗಿಯೂ ಅಲ್ಲಿನ ಅಜ್ಜಿಯರ ರಕ್ತ ಮೊಸರಾಗಿಲ್ಲ. ಆದರೆ ಅದೇ ಜಪಾನಿನಲ್ಲಿ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಎಂಬ ಮಾತ್ರೆ ತೆಗೆದುಕೊಳ್ಳುವವರಿಗೆ ಆ ಔಷಧಿಯನ್ನು ಕೊಡಲೇಬಾರದು ಎಂಬ ನಿಯಮವಿದೆ. ನಾನು ಹೇಳಬೇಕೆಂದಿರುವುದು ಈ ಎರಡನೆಯ ಮಾತು.

ವಾರ್ಫರಿನ್ ಹುಟ್ಟಿದ ಕಥೆಯನ್ನು ಹಸು ಸಾಕಿದ ಮಂಡ್ಯದವರು ಕೇಳಲೇಬೇಕು. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿದು ಸಾಯುತ್ತಿದ್ದವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ಅದಕ್ಕೆ ಕಾರಣ. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮಗಾಳಿಯಲ್ಲಿ ಗಾಡಿ ಓಡಿಸಿಕೊಂಡು, ಸತ್ತ ಹಸುವನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ವಿಶ್ವವಿದ್ಯಾಲಯಕ್ಕೆ ತಂದ. ಅಲ್ಲಿನ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ವರ್ಷಗಟ್ಟಲೆ ಕೂತು ಮೇವಿನಲ್ಲಿದ್ದ ರಾಸಾಯನಿಕವನ್ನು ಬೇರ್ಪಡಿಸಿದರು. ಅದೇ ಕುಟುಂಬದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ನಮ್ಮ ಕಬ್ಬಿನ ಗದ್ದೆಗಳಲ್ಲಿ ಇಲಿಗಳಿಗೆ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆಯೂ ಇದೇ ವಂಶದ್ದು. ಇವೆಲ್ಲ ಮಾಡುವುದು ಒಂದೇ ಕೆಲಸ: ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ದೇಹ ಮತ್ತೆ ಬಳಸದಂತೆ ತಡೆಯುವುದು. ಆದ್ದರಿಂದಲೇ ಆ ಬಿಲ್ಲೆ ತಿಂದವರಿಗೆ ಆಸ್ಪತ್ರೆಯಲ್ಲಿ ವಿಟಮಿನ್ ಕೆ ಕೊಟ್ಟು ಉಳಿಸುತ್ತಾರೆ.

ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರು ಇದೇ ವಂಶದ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು. ನಮ್ಮ ಕಡೆ ಹೆಚ್ಚಾಗಿ ಬರೆಯುವುದು ಅಸಿಟ್ರಾಮ್. ಮಂಡ್ಯ, ಮದ್ದೂರು, ನಾಗಮಂಗಲದಿಂದ ಮೈಸೂರಿನ ಹೃದ್ರೋಗ ಆಸ್ಪತ್ರೆಗೆ ಬಸ್ ಹತ್ತುವವರಲ್ಲಿ ಇಂಥವರು ಬಹಳ ಮಂದಿ. ಅವರ ಕೈಯಲ್ಲಿ ಐಎನ್‌ಆರ್ ಬರೆದ ಸಣ್ಣ ಪುಸ್ತಕ ಇರುತ್ತದೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ರಕ್ತ ಪರೀಕ್ಷೆಯ ಸಂಖ್ಯೆ ಈ ಐಎನ್‌ಆರ್. ಮಾತ್ರೆ ತೆಗೆದುಕೊಳ್ಳದ ನಮ್ಮ ನಿಮ್ಮಂಥವರಲ್ಲಿ ಅದು 1ರ ಆಸುಪಾಸು ಇರುತ್ತದೆ, ಅವರಲ್ಲಿ 2ರಿಂದ 3ರ ನಡುವೆ, ಕೆಲವು ವಾಲ್ವ್‌ಗಳಿಗೆ ಇನ್ನೂ ಸ್ವಲ್ಪ ಮೇಲೆ ಇರಬೇಕು. ಇಳಿದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು, ಏರಿದರೆ ಒಳಗೆಲ್ಲೋ ರಕ್ತ ಸೋರಬಹುದು.

ಇಂಥವರಿಗೆ ಆಸ್ಪತ್ರೆಯ ಗದ್ದಲದಲ್ಲಿ ಸಿಗುವ ಒಂದೇ ಉಪದೇಶ ‘ಸೊಪ್ಪು ತಿನ್ನಬೇಡಿ’. ಮಂಡ್ಯದವನಿಗೆ ಸೊಪ್ಪು ಬಿಡು ಎಂದರೆ ಮುದ್ದೆಯನ್ನು ಯಾವುದರ ಜೊತೆ ನುಂಗಬೇಕು? ಬಸ್ಸಾರು, ಮಸ್ಸೊಪ್ಪು, ಉಪ್ಸಾರಿನ ಪಕ್ಕದ ಪಲ್ಯ, ಎಲ್ಲಕ್ಕೂ ಕಲ್ಲು. ಸೊಪ್ಪಿನಲ್ಲಿ ಕೆ1 ಎಂಬ ರೂಪದ ವಿಟಮಿನ್ ಕೆ ಧಾರಾಳವಾಗಿರುವುದು ನಿಜ. ಆದರೆ ಬೇಕಾಗಿರುವುದು ನಿಷೇಧವಲ್ಲ, ಒಂದೇ ಹದ. ವಾರಕ್ಕೆ ಎಷ್ಟು ಸೊಪ್ಪು ತಿನ್ನುವ ರೂಢಿಯೋ ಅಷ್ಟನ್ನೇ ತಿನ್ನುತ್ತಿದ್ದರೆ ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸಬಹುದು. ಆಷಾಢದ ಮಳೆಗೆ ಬೆರಕೆ ಸೊಪ್ಪು ಸಿಕ್ಕಿತೆಂದು ವಾರವಿಡೀ ತಿಂದು, ಮುಂದಿನ ತಿಂಗಳು ಒಂದೆಸಳನ್ನೂ ಮುಟ್ಟದಿದ್ದರೆ ಐಎನ್‌ಆರ್ ಕುಣಿಯುತ್ತದೆ. ಬಸಿದ ನೀರಿನಲ್ಲಿ ವಿಟಮಿನ್ ಹೊರಟುಹೋಗುತ್ತದೆ, ಪಲ್ಯದಲ್ಲಿ ಏನೂ ಉಳಿಯುವುದಿಲ್ಲ ಎಂದು ವಾದಿಸುವವರೂ ಇದ್ದಾರೆ. ವಿಟಮಿನ್ ಕೆ ಕೊಬ್ಬಿನಲ್ಲಿ ಕರಗುವಂಥದ್ದು, ನೀರಿನಲ್ಲಿ ಅಲ್ಲ. ಬೇಯಿಸಿದರೂ ಅದು ಹೆಚ್ಚು ಹಾಳಾಗುವುದಿಲ್ಲ. ಅದು ಪಲ್ಯದಲ್ಲೇ ಇರುತ್ತದೆ.

ಈಗ ಸೊಪ್ಪು ಬಿಟ್ಟ ಅದೇ ಗಿರಾಕಿಗೆ ಮಂಡಿನೋವು ಬರುತ್ತದೆ. ಊರಿನಲ್ಲೇ ಮೂಳೆ ಡಾಕ್ಟರಿಗೆ ತೋರಿಸುತ್ತಾನೆ. ಮೈಸೂರಿನ ಚೀಟಿ ಮನೆಯ ಬೀರುವಿನಲ್ಲಿ, ಮಂಡ್ಯದ ಚೀಟಿ ಜೇಬಿನಲ್ಲಿ. ಮೂಳೆ ಡಾಕ್ಟರು ಕ್ಯಾಲ್ಸಿಯಂ ಬರೆಯುತ್ತಾರೆ. ಈಗಿನ ಕ್ಯಾಲ್ಸಿಯಂ ಮಾತ್ರೆ ಬರೀ ಕ್ಯಾಲ್ಸಿಯಂ ಆಗಿ ಉಳಿದಿಲ್ಲ. ಡಿ3, ಸತು, ಮೆಗ್ನೀಸಿಯಂ ಎಲ್ಲ ಸೇರಿಸಿ, ಕೊನೆಯ ಸಾಲಿನಲ್ಲಿ ವಿಟಮಿನ್ ಕೆ2-7 ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಈ ಕೆ2-7 ಸೊಪ್ಪಿನ ಕೆ1ರಂತೆ ಬೇಗ ಇಳಿದುಹೋಗುವುದಿಲ್ಲ. ದಿನಗಟ್ಟಲೆ ರಕ್ತದಲ್ಲಿ ಉಳಿದು, ದಿನಾ ನುಂಗಿದಂತೆ ಸೇರುತ್ತಾ ಹೋಗುತ್ತದೆ. ಆದ್ದರಿಂದ ದಿನಕ್ಕೆ ಹತ್ತಿಪ್ಪತ್ತು ಮೈಕ್ರೋಗ್ರಾಂ ಕೂಡ ಅಸಿಟ್ರಾಮ್ ತೆಗೆದುಕೊಳ್ಳುವವರ ಐಎನ್‌ಆರ್ ಇಳಿಸಬಲ್ಲದು. ಸೊಪ್ಪು ಮನೆಯಿಂದ ಗಡೀಪಾರಾಯಿತು, ಅದರ ಸಂಬಂಧಿ ಚೀಟಿಯ ಸಮೇತ ಒಳಗೆ ಬಂತು.

ನಮ್ಮ ವೃತ್ತಿಯ ಒಂದು ಅಭ್ಯಾಸವನ್ನೂ ಹೇಳಿಬಿಡುತ್ತೇನೆ. ಐದು ಮಾತ್ರೆ ಸಾಕು ಎಂದರೆ ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುತ್ತೇವೆ. ಎಕ್ಸ್‌ಪೈರಿ ದಿನಾಂಕ ಇರುವ ತುಂಡು ಅಂಗಡಿಯಲ್ಲಿ ಉಳಿಯಬೇಕಲ್ಲ! ಹೀಗಾಗಿ ಎಷ್ಟೋ ಸಲ ಮಾತ್ರೆಯಲ್ಲಿ ಏನಿದೆ ಎಂದು ಬರೆದ ಭಾಗ ನಮ್ಮ ಡಬ್ಬಿಯಲ್ಲೇ ಇರುತ್ತದೆ, ಗಿರಾಕಿಗೆ ಹೋಗುವುದು ಬೆಳ್ಳಿ ಬಣ್ಣದ ಖಾಲಿ ಬೆನ್ನು. ಅದನ್ನು ಯಾವ ಡಾಕ್ಟರಿಗೆ ತೋರಿಸಿದರೂ ಏನು ಗೊತ್ತಾಗಬೇಕು? ಅಸಿಟ್ರಾಮ್ ಗಿರಾಕಿಗಳು ಇಡೀ ಸ್ಟ್ರಿಪ್ ಕೇಳಿ, ಇಲ್ಲವೇ ಹೆಸರಿರುವ ಕಡೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ವಯಸ್ಸಾದವರಿಗೆ ಹಾಲಿನಲ್ಲಿ ಕಲಸಿ ಕೊಡುವ ಪೌಷ್ಟಿಕ ಪುಡಿಯ ಡಬ್ಬಿಯನ್ನೂ ತಿರುಗಿಸಿ ನೋಡಿ, ಹಲವುಗಳಲ್ಲಿ ಕೆ ಇದೆ.

ಆದರೆ ಇದನ್ನು ಓದಿ ಇಂದು ರಾತ್ರಿಯೇ ಆ ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆಯಬೇಡಿ. ತಿಂಗಳುಗಳಿಂದ ನುಂಗುತ್ತಿದ್ದರೆ ಅಸಿಟ್ರಾಮ್ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಏರಿಸಿರುತ್ತಾರೆ. ಕೆ ಥಟ್ಟನೆ ನಿಂತರೆ ಐಎನ್‌ಆರ್ ಮೇಲೇರಿ ರಕ್ತಸ್ರಾವವಾಗಬಹುದು. ನಿಲ್ಲಿಸುವುದಾದರೂ ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸುತ್ತಾ ನಿಲ್ಲಿಸಬೇಕು.

‘ರಕ್ತ ತೆಳು ಮಾಡುವ ಮಾತ್ರೆ’ ಎಂಬ ಹೆಸರಿನಡಿ ಎಲ್ಲವನ್ನೂ ಒಂದೇ ಗೋಣಿಗೆ ತುಂಬುವವರಿಗೆ ಒಂದು ಮಾತು. ಸ್ಟೆಂಟ್ ಹಾಕಿಸಿಕೊಂಡವರು ತೆಗೆದುಕೊಳ್ಳುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಕೆಲಸ ಮಾಡುವುದು ಪ್ಲೇಟ್‌ಲೆಟ್‌ಗಳ ಮೇಲೆ. ಅಪಿಕ್ಸಬಾನ್, ರಿವರಾಕ್ಸಬಾನ್, ಡಬಿಗಟ್ರಾನ್ ದಾರಿಯೂ ಬೇರೆ. ಇವಕ್ಕೂ ವಿಟಮಿನ್ ಕೆಗೂ ಜಗಳವಿಲ್ಲ.

ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು, ಇದೇ ಸಂದೇಶ ಹಿಡಿದು ಹುಟ್ಟಿದ ಮಗುವಿಗೆ ಕೊಡುವ ವಿಟಮಿನ್ ಕೆ ಇಂಜೆಕ್ಷನ್ ಬೇಡವೆನ್ನಬಹುದೇ ಎಂದು ಕೇಳಿದ ಯುವ ತಂದೆ. ಮಕ್ಕಳು ಹುಟ್ಟುವಾಗ ದೇಹದಲ್ಲಿ ಈ ವಿಟಮಿನ್ ಬಹಳ ಕಡಿಮೆ, ತಾಯಿಯ ಹಾಲಿನಲ್ಲೂ ಕಡಿಮೆ. ತೊಡೆಗೆ ಕೊಡುವ 1 ಮಿಲಿಗ್ರಾಂ ಇಂಜೆಕ್ಷನ್ ತಪ್ಪಿದರೆ, ಹುಟ್ಟಿ ತಿಂಗಳಾದ ಮೇಲೂ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಕೆಲವು ಮಕ್ಕಳಿಗಿದೆ. 1992ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಇದಕ್ಕೂ ಮಕ್ಕಳ ಕ್ಯಾನ್ಸರಿಗೂ ನಂಟಿದೆ ಎಂದು ಗಾಬರಿ ಹುಟ್ಟಿಸಿತ್ತು, ನಂತರದ ದೊಡ್ಡ ಅಧ್ಯಯನಗಳಲ್ಲಿ ಆ ನಂಟು ಕಾಣಲಿಲ್ಲ. ಹಿಂದೆ ಕೆ3 ಎಂಬ ಕೃತಕ ಬಗೆ ಹಸುಗೂಸುಗಳ ರಕ್ತಕಣ ಒಡೆದು ಕಾಮಾಲೆ ತಂದದ್ದು ನಿಜ, ಅದನ್ನು ಕೈಬಿಟ್ಟು ಬಹಳ ಕಾಲವಾಯಿತು. ಈಗ ಕೊಡುವುದು ಕೆ1. ಆ ತಂದೆಗೆ ಇದನ್ನೆಲ್ಲ ಹೇಳಿದೆ, ಇಂಜೆಕ್ಷನ್ ಹಾಕಿಸಿದ್ದಾನೆ.

ಕಾಮೆಂಟಿನಲ್ಲಿ ಮಾತ್ರೆಯ ಫೋಟೋ ಹಾಕಿ ‘ಸರ್, ನಿಲ್ಲಿಸಲೇ, ಮುಂದುವರಿಸಲೇ’ ಎಂದು ನನ್ನನ್ನು ಕೇಳಬೇಡಿ, ನಾನು ಡಾಕ್ಟರಲ್ಲ. ಅದೇ ಫೋಟೋವನ್ನು ಐಎನ್‌ಆರ್ ಪುಸ್ತಕದೊಂದಿಗೆ ಅಸಿಟ್ರಾಮ್ ಬರೆದ ಡಾಕ್ಟರ ಮೇಜಿನ ಮೇಲಿಡಿ.