ಬಿಟ್ಟ ಸ್ಥಳ ತುಂಬಿರಿ

ರಾತ್ರಿ ಊಟ ಆದಮೇಲೆ ಹದಿನೈದು ನಿಮಿಷ ನಾನು ಫೋನಿನಲ್ಲಿ ಇಂಗ್ಲಿಷ್ ವ್ಯಾಕರಣ ಅಭ್ಯಾಸ ಮಾಡುತ್ತೇನೆ. ವಯಸ್ಸು 42. ಕೇಳಿದವರು ನಗುತ್ತಾರೆ, ನಗಲಿ. ಆಫೀಸಿನ ಒಂದು ಮೇಲ್ ಕಳಿಸುವ ಮುಂಚೆ ಹತ್ತು ಸಲ ಇಂಗ್ಲಿಷಿನ 'ದ' (the) ಹಾಕಿ ಹತ್ತು ಸಲ ಅಳಿಸುವವನ ಕಷ್ಟ ಅವರಿಗೇನು ಗೊತ್ತು?

ನಮ್ಮ ಕಾಲದ ಕನ್ನಡ ಶಾಲೆಯಲ್ಲಿ ಎ ಬಿ ಸಿ ಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. ನಾಲ್ಕು ಗೆರೆಯ ಕಾಪಿ ಪುಸ್ತಕ; ಸಣ್ಣ 'ಜಿ'ಯ ಬಾಲ ಕೊನೇ ಗೆರೆ ಮುಟ್ಟದಿದ್ದರೆ ಬೆನ್ನಿಗೆ ಏಟು. ಆಮೇಲೆ ಗೋ, ವೆಂಟ್, ಗಾನ್ ಅಂತ ಮಗ್ಗಿ ಥರ ಬಾಯಿಪಾಠ. 'ಕಟ್' ಪಾಪದ್ದು, ಮೂರು ಕಡೆಯೂ ಕಟ್ಟೇ. 'ರೀಡ್' ಮಾತ್ರ ಬರೆಯುವಾಗ ಮೂರೂ ಒಂದೇ, ಓದುವಾಗ ರೀಡ್, ರೆಡ್, ರೆಡ್. ಅದೂ ಹೇಗೋ ಬಂತು. ಬರದೇ ಉಳಿದದ್ದು ಎ, ಆನ್, ದ.

ಎ ಮತ್ತು ಆನ್ ವಿಷಯದಲ್ಲಿ ಅಕ್ಷರ ನೋಡಬಾರದು, ಸದ್ದು ಕೇಳಬೇಕಂತೆ. ಯೂನಿವರ್ಸಿಟಿಯನ್ನು ಬರೆಯುವುದು 'ಯು'ನಿಂದ, ಆದರೆ ಬಾಯಲ್ಲಿ ಮೊದಲು ಬರುವುದು ಯಕಾರ. ಹಾಗಾಗಿ 'ಎ'. ಗಂಟೆ ಅನ್ನುವ 'ಅವರ್'ನಲ್ಲಿ ಎಚ್ ಬಾಯೇ ಬಿಡುವುದಿಲ್ಲ, ಅದಕ್ಕೆ 'ಆನ್'. ಸರಿ. ಆದರೆ ನಾವು 'ಎಲೆ' ಅಂತ ಬರೆದು 'ಯೆಲೆ' ಅನ್ನುವ ಜನ. ಮೊಟ್ಟೆಗೂ 'ಯೆಗ್ಗು' ಅಂತೀವಿ. ಸದ್ದೇ ಮುಖ್ಯ ಆದರೆ ನನ್ನ ಬಾಯಿಗೆ 'ಎ ಯೆಗ್' ಸರಿ ಅಲ್ವಾ? ಫೋನು ಒಪ್ಪಲಿಲ್ಲ. ಕೆಂಪು ಗುರುತು ಹಾಕಿತು.

'ದ' ಇನ್ನೂ ಕಿರಿಕಿರಿ. ನದಿಗೆ ಬೇಕು, ಊರಿಗೆ ಬೇಡ. ದ ಕಾವೇರಿ, ಆದರೆ ಬರೀ ಮೈಸೂರು. ಊರಿಗೆ ಬೇಡ ಅಂದವರೇ ನೆದರ್ಲೆಂಡ್ಸಿನ ಒಂದು ಊರನ್ನು 'ದ ಹೇಗ್' ಅಂತಾರೆ. ಹುಡುಗ ಪಾಠಕ್ಕೆ ಸ್ಕೂಲಿಗೆ ಹೋದರೆ 'ದ' ಇಲ್ಲ. ಅವನ ಅಪ್ಪ ಮೇಷ್ಟ್ರನ್ನು ನೋಡೋಕೆ ಅದೇ ಸ್ಕೂಲಿಗೆ ಹೋದರೆ 'ದ' ಬೇಕು.

ಮೊನ್ನೆ ಬಂದ ಪ್ರಶ್ನೆ ಸುಲಭದ್ದು. 'ನಾನು ಪೆನ್ನು ಕೊಂಡೆ. ಪೆನ್ನು ನೀಲಿ.' ಮೊದಲ ಪೆನ್ನಿಗೆ 'ಎ', ಎರಡನೆಯದಕ್ಕೆ 'ದ'. ಮೊದಲ ಸಲ ಅಪರಿಚಿತ, ಎರಡನೇ ಸಲಕ್ಕೆ ಪರಿಚಯವಾಗಿದೆ. ಇಂಥ ಸೂಕ್ಷ್ಮ ಕನ್ನಡದಲ್ಲಿಲ್ಲ ಅಂದುಕೊಳ್ಳುತ್ತಿದ್ದೆ, ಒಳಗಿನಿಂದ ಅಮ್ಮ ಕೂಗಿದಳು.

"ಹಾಲನ್ನ ಇಳಿಸೋ!"

ತಟ್ಟನೆ ಹೊಳೆಯಿತು. ಬೆಳಿಗ್ಗೆ ಇದೇ ಅಮ್ಮ "ಹಾಲು ತಗೊಂಡು ಬಾ" ಅಂದಿದ್ದಳು. ನಾನು ಅಂಗಡಿಗೆ ಹೋಗಿದ್ದೆ. ಯಾವ ಹಾಲಾದರೂ ನಡೆಯುತ್ತಿತ್ತು. ಈಗ 'ಹಾಲನ್ನ' ಅಂದಳು. ಅಂದರೆ ಒಲೆ ಮೇಲಿರುವ, ನನಗೂ ಅವಳಿಗೂ ಗೊತ್ತಿರುವ ಆ ಹಾಲು. ಬಾಲದಲ್ಲಿರುವ ನಮ್ಮ 'ಅನ್ನು' ಇಂಗ್ಲಿಷಿನ 'ದ' ಮಾಡುವ ಕೆಲಸವನ್ನೇ ಮಾಡುತ್ತಿದೆಯಲ್ಲ! 'ಹುಡುಗಿ ನೋಡೋಕೆ ಹೋದ' ಅಂದರೆ ಮದುವೆ ಮಾತುಕತೆ. 'ಹುಡುಗೀನ ನೋಡೋಕೆ ಹೋದ' ಅಂದರೆ ಯಾವ ಹುಡುಗಿ ಅಂತ ಆಗಲೇ ಗೊತ್ತಾಗಿದೆ. ಇದನ್ನು ನಮಗೆ ಯಾವ ಮೇಷ್ಟ್ರು ಹೊಡೆದು ಕಲಿಸಿದರು?

ಇದನ್ನು ಅಮ್ಮನಿಗೆ ಹೇಳಲೇಬೇಕು ಅಂತ ಅಡುಗೆಮನೆಗೆ ಓಡಿದೆ. ಅವಳು ಮಸಿಬಟ್ಟೆ ಹಿಡಿದು ಒಲೆ ಒರೆಸುತ್ತಿದ್ದಳು.