ಕಂತಿನ ನಿದ್ದೆಯ ಮಹಾಪುರುಷರು

ದಿನಕ್ಕೆ ಎಂಟು ಗಂಟೆ ಮಲಗುವ ಸಾಮಾನ್ಯ ಮನುಷ್ಯರನ್ನು ಕಂಡರೆ ಈಚೆಗೆ ಮರುಕ ಹುಟ್ಟುತ್ತದೆ. ಪಾಪ, ಅವರಿಗೆ ಲೆಕ್ಕ ಬರುವುದಿಲ್ಲ. ನಾಲ್ಕು ಗಂಟೆಗೊಮ್ಮೆ 20 ನಿಮಿಷದಂತೆ ದಿನಕ್ಕೆ 6 ಸಲ ಕಣ್ಣು ಮುಚ್ಚಿದರೆ ನಿದ್ದೆಯೆಂಬ ಬಾಬತ್ತು 2 ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಮಿಕ್ಕ 6 ಗಂಟೆಗಳನ್ನು ಕೂಡಿಹಾಕುತ್ತಾ ಹೋದರೆ ವರ್ಷಕ್ಕೆ 2,190 ಗಂಟೆ, ಅಂದರೆ 91 ದಿನಗಳಿಗೂ ಮೇಲ್ಪಟ್ಟ ಆಯುಷ್ಯ, ಪುಕ್ಕಟೆಯಾಗಿ ಕೈಸೇರುತ್ತದೆ. ಈ ಪದ್ಧತಿಗೆ ‘ಉಬರ್‌ಮನ್’, ಅಂದರೆ ಅತಿಮಾನವ, ಎಂದು ಹೆಸರು. ಅಷ್ಟು ಮನೋಬಲವಿಲ್ಲದ ಸಂಸಾರಿಗಳಿಗಾಗಿ, ರಾತ್ರಿ ಮೂರು ಗಂಟೆಯಷ್ಟು ಮಲಗಿ ಹಗಲಿನಲ್ಲಿ ಮೂರು ಕಿರುನಿದ್ದೆ ತೆಗೆಯುವ ‘ಎವ್ರಿಮ್ಯಾನ್’ ಎಂಬ ರಿಯಾಯಿತಿಯೂ ಉಂಟು.

ಇಂಥ ಸಾಧನೆಗೆ ಗುರುಪರಂಪರೆಯೊಂದು ಬೇಕಲ್ಲವೇ? ಲಿಯೊನಾರ್ಡೊ ಡಾ ವಿಂಚಿ ಹೀಗೆಯೇ ಮಲಗುತ್ತಿದ್ದನೆಂದು ಅನುಯಾಯಿಗಳು ಸಾರುತ್ತಾರೆ. ಅದಕ್ಕೆ ನಂಬಲರ್ಹವಾದ ದಾಖಲೆಯಿಲ್ಲ ಎಂಬುದು ಅವರ ಉತ್ಸಾಹವನ್ನು ಕುಗ್ಗಿಸಿಲ್ಲ. ದಾಖಲೆಯಿರುವುದು ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್‌ನ ಬಗ್ಗೆ. ಆರು ಗಂಟೆಗೊಮ್ಮೆ ಅರ್ಧ ಗಂಟೆ ಮಲಗುವ ‘ಡೈಮ್ಯಾಕ್ಸಿಯನ್’ ನಿದ್ದೆಯನ್ನು ಆತ ಎರಡು ವರ್ಷ ನಡೆಸಿದನೆಂದು 1943ರಲ್ಲಿ ಟೈಮ್ ಪತ್ರಿಕೆ ವರದಿ ಮಾಡಿತು. ಕೈಬಿಟ್ಟ ಕಾರಣವೂ ಅದೇ ವರದಿಯಲ್ಲಿತ್ತು: ವ್ಯವಹಾರದ ಸಹಚರರು ಉಳಿದ ಮನುಷ್ಯರಂತೆ ಮಲಗಲು ಹಟ ಹಿಡಿದಿದ್ದರು. ಜಗತ್ತಿಗೆಲ್ಲ ಗುಮ್ಮಟದ ಮನೆಗಳನ್ನು ಒಪ್ಪಿಸಲು ಹೊರಟವನಿಗೆ, ರಾತ್ರಿ ಎರಡು ಗಂಟೆಗೆ ಸಭೆ ಸೇರೋಣವೆಂದು ನಾಲ್ಕು ಜನರನ್ನು ಒಪ್ಪಿಸಲಾಗಲಿಲ್ಲ.

ಪರಂಪರೆಯಲ್ಲಿ ವಿಜ್ಞಾನಿಗಳ ಹೆಸರೂ ಬರುತ್ತದೆ. ಕ್ಲಾಡಿಯೊ ಸ್ಟಾಂಪಿ ಎಂಬ ಸಂಶೋಧಕರು ಒಂಟಿಯಾಗಿ ಸಾಗರ ದಾಟುವ ಹಾಯಿದೋಣಿ ಸ್ಪರ್ಧಿಗಳ ನಿದ್ದೆಯನ್ನು ಅಧ್ಯಯನ ಮಾಡಿದವರು. ಆ ನಾವಿಕರು ತುಂಡುತುಂಡಾಗಿ ಮಲಗುತ್ತಿದ್ದುದು ನಿಜ, ಏಕೆಂದರೆ ಗಾಢವಾಗಿ ಮಲಗಿದರೆ ಎದುರಿನಿಂದ ಬರುವ ಹಡಗು ಕಾಣಿಸುವುದಿಲ್ಲ. ಅನಿವಾರ್ಯ ಸಂದರ್ಭದಲ್ಲಿ ಜೀವ ಉಳಿಸಿಕೊಳ್ಳುವ ಈ ಉಪಾಯವನ್ನು, ಎದುರಿನಿಂದ ಯಾವ ಹಡಗೂ ಬರುವ ಸಂಭವವಿಲ್ಲದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂತವರು ಜೀವನಕ್ರಮವಾಗಿ ಸ್ವೀಕರಿಸಿದ್ದಾರೆ.

ಅವರ ಸಿದ್ಧಾಂತ ಸರಳವಾಗಿದೆ. ನಿದ್ದೆಯ ಒಂದು ಆವರ್ತ ಸುಮಾರು 90 ನಿಮಿಷದ್ದು. ಅದರಲ್ಲಿ ಹಗುರ ನಿದ್ದೆ, ಗಾಢ ನಿದ್ದೆ, ಕನಸು ಬೀಳುವ ರೆಮ್ ನಿದ್ದೆ ಎಂಬ ಹಂತಗಳಿವೆ. ಇವುಗಳಲ್ಲಿ ರೆಮ್ ಒಂದೇ ಮುಖ್ಯ, ಮಿಕ್ಕದ್ದೆಲ್ಲ ಪೋಲು. ಮಿದುಳನ್ನು ಚೆನ್ನಾಗಿ ಉಪವಾಸ ಕೆಡವಿದರೆ ಅದು ಬುದ್ಧಿ ಕಲಿತು ತಲೆ ಇಟ್ಟೊಡನೆ ನೇರವಾಗಿ ರೆಮ್‌ಗೆ ಜಿಗಿಯುತ್ತದೆ. ನಿದ್ದೆಗೆಟ್ಟವರ ಮಿದುಳು ಕೆಲವೊಮ್ಮೆ ಹಾಗೆ ಜಿಗಿಯುವುದುಂಟು, ಆದರೆ ವೈದ್ಯರು ಅದನ್ನು ಕೊರತೆಯ ಲಕ್ಷಣವೆನ್ನುತ್ತಾರೆ. ಇವರು ಪದವಿ ಪ್ರದಾನವೆನ್ನುತ್ತಾರೆ. ಪೋಲೆಂದು ಕಿತ್ತೆಸೆದ ಗಾಢ ನಿದ್ದೆಯಲ್ಲೇ ದೇಹವು ಬೆಳವಣಿಗೆಯ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ನಿದ್ದೆಯ ಒತ್ತಡ ಹುಟ್ಟಿಸುವ ಅಡೆನೊಸಿನ್ ಎಂಬ ರಾಸಾಯನಿಕ ಶೇಖರವಾಗುತ್ತಲೇ ಇರುತ್ತದೆ. ಕಾಫಿ ಅದರ ಸದ್ದಡಗಿಸುತ್ತದೆಯೇ ಹೊರತು ಅದನ್ನು ತೀರಿಸುವುದಿಲ್ಲ, 20 ನಿಮಿಷದ ಕಿರುನಿದ್ದೆಯೂ ತೀರಿಸಲಾರದು. ಹದಿನಾಲ್ಕು ವರ್ಷ ಎಚ್ಚರವಿದ್ದ ಲಕ್ಷ್ಮಣನ ಪಾಲಿನ ನಿದ್ದೆಯನ್ನು ಅಯೋಧ್ಯೆಯಲ್ಲಿ ಊರ್ಮಿಳೆ ಮಲಗಿ ತೀರಿಸಿದಳೆಂದು ಜನಪದರು ಕಥೆ ಕಟ್ಟಿದರು. ಬಿಟ್ಟ ನಿದ್ದೆಯನ್ನು ಯಾರಾದರೊಬ್ಬರು ಮಲಗಿಯೇ ತೀರಿಸಬೇಕೆಂಬ ಲೆಕ್ಕ ಅವರಿಗೆ ಗೊತ್ತಿತ್ತು.

ಇನ್ನು ದೇಹದ ಗಡಿಯಾರದ ತೊಡಕು ಬೇರೆ. ಹಣ್ಣಿನ ನೊಣಗಳಲ್ಲಿ ಆ ಗಡಿಯಾರದ ಯಂತ್ರವನ್ನು ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ನೊಣಕ್ಕೂ ಹಗಲು ರಾತ್ರಿಗಳ ವ್ಯತ್ಯಾಸ ತಿಳಿಯುತ್ತದೆಂದು ಇದರಿಂದ ಸಿದ್ಧವಾಯಿತು. ಮಹಾಪುರುಷರು ನೊಣದ ಮಾತು ಕೇಳುವವರಲ್ಲ.

ಮೊದಲ ಕೆಲವು ವಾರ ಸಾಧಕನು ಗೋಡೆಗೆ ಢಿಕ್ಕಿ ಹೊಡೆಯುತ್ತಾ, ಅಲಾರಾಂ ಆರಿಸಿದ್ದೂ ನೆನಪಿಲ್ಲದೆ, ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾ ಕಾಲ ಕಳೆಯುತ್ತಾನೆ. ಇದನ್ನು ‘ಹೊಂದಾಣಿಕೆಯ ಅವಧಿ’ ಎನ್ನುತ್ತಾರೆ. ಅದು ಮುಗಿಯುವುದೇ ಇಲ್ಲವೆಂದು ಯಾರಾದರೂ ದೂರಿದರೆ ಉತ್ತರ ಸಿದ್ಧವಾಗಿದೆ: ಮೂರನೆಯ ವಾರದ ಗುರುವಾರ ನೀವು ಒಂದು ಕಿರುನಿದ್ದೆಯನ್ನು ಹತ್ತು ನಿಮಿಷ ತಡಮಾಡಿದಿರಿ, ವ್ರತಭಂಗವಾಯಿತು, ಮತ್ತೆ ಸಂಕಲ್ಪದಿಂದ ಆರಂಭಿಸಿ. ಫಲ ಸಿಕ್ಕರೆ ಪದ್ಧತಿಯ ಮಹಿಮೆ, ಸಿಗದಿದ್ದರೆ ನಿಮ್ಮ ಅಪಚಾರ. ಆದರೂ ‘ನನಗೆ ಈಗ ಅದ್ಭುತವಾಗಿದೆ’ ಎಂದು ಪ್ರಮಾಣ ಮಾಡುವವರು ಇದ್ದಾರಲ್ಲ ಎಂದರೆ, 2003ರಲ್ಲಿ ಪ್ರಕಟವಾದ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರ ಪ್ರಯೋಗವನ್ನು ನೆನೆಯಬೇಕು. ಎರಡು ವಾರ ರಾತ್ರಿಗೆ 6 ಗಂಟೆ ಮಾತ್ರ ಮಲಗಿದವರ ಚುರುಕುತನ, ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ತಾವು ಅಷ್ಟು ಕುಸಿದಿದ್ದೇವೆಂಬ ಅರಿವು ಮಾತ್ರ ಅವರಿಗಿರಲಿಲ್ಲ. ಆರು ಗಂಟೆಯವರ ಪಾಡೇ ಇದಾದರೆ ಎರಡು ಗಂಟೆಯವರ ಪ್ರಮಾಣಪತ್ರಕ್ಕೆ ಎಷ್ಟು ಬೆಲೆ ಕಟ್ಟೋಣ? ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಶನ್‌ನ ತಜ್ಞರ ಸಮಿತಿ 2021ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಈ ಪದ್ಧತಿಗಳಿಂದ ಲಾಭವಿದೆಯೆನ್ನಲು ಪುರಾವೆಯಿಲ್ಲ, ಆರೋಗ್ಯಕ್ಕೂ ಕಾರ್ಯಕ್ಷಮತೆಗೂ ಹಾನಿಯಿದೆ ಎಂದು ಹೇಳಿತು. ಸಮಿತಿಯವರು ರಾತ್ರಿ ಮಲಗುವ ಜನವಾದ್ದರಿಂದ ಅವರ ಅಭಿಪ್ರಾಯವನ್ನು ಪಕ್ಷಪಾತವೆಂದು ತಳ್ಳಿಹಾಕಬಹುದು.

ನನ್ನ ಅಚ್ಚರಿಯೆಲ್ಲ ನಮ್ಮ ಉದ್ಯಮರಂಗದ ಬಗ್ಗೆ. ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಸುದ್ದಿಯಾಯಿತು. ಉಬರ್‌ಮನ್ ಗಣಿತದಲ್ಲಿ ವಾರಕ್ಕೆ 154 ಗಂಟೆಗಳ ಎಚ್ಚರವಿರುವಾಗ ಈ ಹಿರಿಯರು ಇಷ್ಟು ಸಂಕೋಚಪಟ್ಟಿದ್ದೇಕೆ? 2024ರಲ್ಲಿ ಐಟಿ ನೌಕರರ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪ ಕರ್ನಾಟಕದಲ್ಲಿ ಕೇಳಿಬಂದಾಗ ನೌಕರರ ಸಂಘ ವಿನಾಕಾರಣ ಗದ್ದಲ ಮಾಡಿತು. 14 ಗಂಟೆ ದುಡಿದು 2 ಗಂಟೆ ಮಲಗಿದರೂ ದಿನದಲ್ಲಿ ಇನ್ನೂ 8 ಗಂಟೆ ಮಿಗುತ್ತದೆ, ಸಿಲ್ಕ್ ಬೋರ್ಡ್ ವೃತ್ತ ದಾಟಲು ಅಷ್ಟು ಸಾಕಾಗಬಹುದು. ದಾಟುವಾಗ ರಾತ್ರಿ ಎಂಟರ ಕಿರುನಿದ್ದೆಯ ಮುಹೂರ್ತ ಬಂದುಬಿಟ್ಟರೆ ಸ್ಟೇರಿಂಗ್ ಯಾರ ಕೈಗೆ ಕೊಡಬೇಕೆಂಬ ಸಣ್ಣ ಪ್ರಶ್ನೆಯೊಂದು ಉಳಿಯುತ್ತದೆ.

ಅಷ್ಟಕ್ಕೂ ಕಂತಿನ ನಿದ್ದೆ ನಮ್ಮಲ್ಲಿ ಹೊಸದೇನಲ್ಲ. ಹಸುಗೂಸುಗಳು ಹಾಗೆಯೇ ಮಲಗುತ್ತವೆ, ಆದರೆ ಅವು ಕಂತುಗಳನ್ನೆಲ್ಲ ಸೇರಿಸಿ ದಿನಕ್ಕೆ 14ರಿಂದ 17 ಗಂಟೆ ವಸೂಲು ಮಾಡುತ್ತವೆ. ಆ ಕೂಸುಗಳ ತಾಯಂದಿರು, ಪಾಳಿ ಬದಲಾಗುವ ಆಸ್ಪತ್ರೆಯ ದಾದಿಯರು, ಢಾಬಾದೆದುರು ಲಾರಿಯೊಳಗೇ ಮುದುಡಿಕೊಳ್ಳುವ ಚಾಲಕರು ವರ್ಷಗಟ್ಟಲೆ ಇದನ್ನು ನಡೆಸಿಯೂ ಅತಿಮಾನವರೆನಿಸಲಿಲ್ಲ. ಅವಕಾಶ ಸಿಕ್ಕರೆ ಒಂದು ಇಡೀ ರಾತ್ರಿ ಮಲಗಬೇಕೆಂಬ ಕ್ಷುದ್ರ ಆಸೆ ಅವರದು. ಹನ್ನೆರಡನೆಯ ಮಹಡಿಯ ಸಾಧಕರು ಬೆಳಗಿನ ಜಾವ ನಾಲ್ಕರ ಕಿರುನಿದ್ದೆಗೆ ಜಾರುವ ಹೊತ್ತಿನಲ್ಲೇ ಕೆಳಗೆ ಗೇಟಿನ ಕಾವಲುಗಾರ ಕುರ್ಚಿಯಲ್ಲಿ ತೂಕಡಿಸಿದ್ದು ಸಿಸಿಟಿವಿಯಲ್ಲಿ ಸೆರೆಯಾಗುತ್ತದೆ. ನಿವಾಸಿಗಳ ಸಂಘದ ಭಾನುವಾರದ ಸಭೆಯಲ್ಲಿ ಅವನ ಅರ್ಧ ದಿನದ ಸಂಬಳ ಕತ್ತರಿಸುವ ಠರಾವನ್ನು ಅದೇ ಸಾಧಕರು ಆಕಳಿಸುತ್ತಾ ಮಂಡಿಸುತ್ತಾರೆ.