ಗೋಡೆ ಪತ್ರಿಕೆಯಿಂದ ಕಿತ್ತ ಹಾಳೆ

ಇವತ್ತು ಸಂಜೆ ತಂಗಿ ಮಗಳನ್ನು ಕರೆದುಕೊಂಡು ಬರಲು ಶಾಲೆಗೆ ಹೋಗಿದ್ದೆ. ಏಳನೇ ಕ್ಲಾಸು ಅವಳು. ಎರಡು ವಾರದಿಂದ ಗೋಡೆ ಪತ್ರಿಕೆ, ಗೋಡೆ ಪತ್ರಿಕೆ ಅಂತ ಕುಣಿಯುತ್ತಿದ್ದವಳು ಗೇಟಿನ ಹತ್ತಿರ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದಳು. "ದೊಡ್ಡಮ್ಮ, ನನ್ನದೊಂದನ್ನೇ ಕಿತ್ತುಬಿಟ್ಟರು" ಅಂದಳು.

ಒಳಗೆ ಹೋಗಿ ನೋಡಿದೆ. ಮಳೆ ಮೇಲಿನ ಪದ್ಯ ಇದೆ, ಒಗಟುಗಳಿವೆ, ನವಿಲಿನ ಚಿತ್ರ ಇದೆ. ಅವಳ ಹಾಳೆ ಇದ್ದಲ್ಲಿ ಗೋಂದಿನ ಕಲೆ ಮಾತ್ರ. ನಾಳೆ ಅಲ್ಲಿ ಸ್ವಚ್ಛತೆಯ ಮಹತ್ವದ ಮೇಲೆ ಒಂದು ಪ್ರಬಂಧ ಅಂಟಿಸುತ್ತಾರಂತೆ.

ಅವಳು ಬರೆದದ್ದು ಎಂಟೇ ಸಾಲು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಅದಕ್ಕೇ ಎಷ್ಟೋ ಜನ ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ. ಯಾರ ಹೆಸರೂ ಇಲ್ಲ, ಒಂದು ಕೆಟ್ಟ ಮಾತೂ ಇಲ್ಲ. ಮುಂದಿನ ವಾರ ಅಧಿಕಾರಿಗಳು ಶಾಲೆ ನೋಡಲು ಬರುತ್ತಾರೆ, ಅದಕ್ಕೆ ತೆಗೆಸಿದೆವು ಅಂದರು ಶಾಲೆಯವರು. ಚಿಲಕ ಹಾಕಿಸಲು ಅರ್ಧ ಗಂಟೆ ಸಾಕಲ್ವಾ? ಅದು ಹೊಳೆಯಲಿಲ್ಲ. ಹಾಳೆ ಕೀಳುವುದು ಹೊಳೆಯಿತು.

"ನೀವೂ ಪಾಠ ಮಾಡಿದವರು, ನಿಮಗೆ ಗೊತ್ತಿರಬೇಕಲ್ಲ ಮೇಡಂ" ಅಂದರು. ಆ ಮಾತು ನನಗೆ ಚುಚ್ಚಿತು.

ನಾನು ಎರಡು ವರ್ಷ ಅತಿಥಿ ಶಿಕ್ಷಕಿಯಾಗಿದ್ದದ್ದು ನಿಮಗೆಲ್ಲ ಗೊತ್ತು. ಇದನ್ನು ಮಾತ್ರ ಯಾರಿಗೂ ಹೇಳಿಲ್ಲ. ಒಬ್ಬ ಹುಡುಗ ಭಾಷಣ ಸ್ಪರ್ಧೆಗೆ 'ನಮ್ಮ ಊರು' ಅಂತ ಬರೆದು ತಂದಿದ್ದ. ಕೆರೆ, ಜಾತ್ರೆ ಎಲ್ಲ ಆದ ಮೇಲೆ, ಊರಿನ ಸಾರಾಯಿಯಿಂದ ಅವನ ಅಪ್ಪ ಹೇಗಾದ ಅಂತ ನಾಲ್ಕು ಸಾಲು. ಕೆಂಪು ಪೆನ್ನಲ್ಲಿ ಹೊಡೆದು ಹಾಕಿದೆ. "ಇದೆಲ್ಲ ಸ್ಟೇಜಲ್ಲಿ ಬೇಡ ಕಂದ" ಅಂದೆ. ಅವನು ತಲೆ ಆಡಿಸಿದ. ಸ್ಪರ್ಧೆಯ ದಿನ ಶಾಲೆಗೇ ಬರಲಿಲ್ಲ. ಆಮೇಲೆ ಯಾವತ್ತೂ ಮೈಕ್ ಹತ್ತಿರ ಸುಳಿಯಲಿಲ್ಲ. ಅವನ ಇಡೀ ಭಾಷಣದಲ್ಲಿ ಅವನದೇ ಅನ್ನುವಂತಿದ್ದದ್ದು ಆ ನಾಲ್ಕು ಸಾಲು. ಅದನ್ನೇ ನಾನು ಹೊಡೆದಿದ್ದೆ. ಇವತ್ತಿನ ಸಿಟ್ಟಿನಲ್ಲಿ ಆ ತಪ್ಪಿನ ನೋವೂ ಸೇರಿದೆ.

ಸಂವಿಧಾನದ 19ನೇ ವಿಧಿ ಮಾತಿನ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. 18 ತುಂಬಿದವರಿಗೆ ಮಾತ್ರ ಅಂತ ಅಲ್ಲಿ ಬರೆದಿಲ್ಲ. 1985ರಲ್ಲಿ ಕೇರಳದಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದರು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ, ಅಷ್ಟೇ. ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಬಿಜೋ ಇಮ್ಯಾನುಯೆಲ್ ಪ್ರಕರಣ ಅಂತಲೇ ಅದು ಹೆಸರಾಗಿದೆ. ಶಿಕ್ಷಣ ಇಲಾಖೆಯ ಸುತ್ತೋಲೆ ಹಿಡಿದು ಮಾತಿನ ಹಕ್ಕನ್ನು ಕಸಿದುಕೊಳ್ಳಲು ಬರುವುದಿಲ್ಲ, ಕಟ್ಟು ಹಾಕಬೇಕಾದರೆ ಕಾನೂನೇ ಬೇಕು ಅಂತ ಕೋರ್ಟು ಅಲ್ಲಿ ಹೇಳಿದೆ. ನಮ್ಮ ಹುಡುಗಿಯ ಹಾಳೆ ಕೀಳಲು ಸುತ್ತೋಲೆಯೂ ಇರಲಿಲ್ಲ. ಸುಮ್ನೆ ಭಯ ಇತ್ತು.

ಗೆಳತಿಯೊಬ್ಬಳಿಗೆ ಫೋನ್ ಮಾಡಿದೆ. ಅವಳೂ ಟೀಚರ್. "ಸಲಿಗೆ ಕೊಟ್ಟರೆ ನಾಳೆ ನಮ್ಮ ಮೇಲೇ ಏನೇನೋ ಬರೆಯುತ್ತಾರೆ ಕಣೇ" ಅಂದಳು. ಬರೆಯಬಹುದು. ಯಾರನ್ನಾದರೂ ಹೀಯಾಳಿಸಿ ಬರೆದರೆ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿ. ಚಿಲಕ ಇಲ್ಲ ಅನ್ನುವುದರಲ್ಲಿ ತಿದ್ದಲು ಏನಿದೆ? ನೋಟಿಸ್ ಬರುತ್ತದೆ ಅನ್ನುವ ಭಯ ಶಿಕ್ಷಕರಿಗೆ ಇದೆ, ಗೊತ್ತು. ಆ ಭಯವನ್ನು ಹನ್ನೆರಡು ವರ್ಷದ ಹುಡುಗಿ ಯಾಕೆ ಹೊರಬೇಕು?

ಮಕ್ಕಳ ಗ್ರಾಮಸಭೆ ಇರುವುದೇ ಮಕ್ಕಳು ಮಾತಾಡಲಿ ಅಂತ. ಹೋದ ವರ್ಷ ನಮ್ಮ ಪಂಚಾಯಿತಿಯಲ್ಲಿ ನಡೆದಾಗ ಹೋಗಿದ್ದೆ. ಪ್ರಶ್ನೆ ಕೇಳಿದ ಪ್ರತಿ ಮಗುವಿನ ಕೈಯಲ್ಲೂ ಒಂದು ಚೀಟಿ ಇತ್ತು. ದೊಡ್ಡವರ ಅಕ್ಷರ. ಅಂಗನವಾಡಿಗೆ ಬಣ್ಣ ಯಾವಾಗ ಹೊಡೆಸುತ್ತೀರಿ ಅಂತ ಒಂದು ಹುಡುಗಿ ಓದಿದಳು. ಆಮೇಲೆ ಮಾತಾಡಿಸಿದೆ. ಅವಳಿಗೆ ಬೇಕಿದ್ದದ್ದು ಬಸ್ಸು. ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತಾಳೆ. "ಮತ್ತೆ ಯಾಕಮ್ಮ ಕೇಳಲಿಲ್ಲ?" ಅಂದೆ. "ಚೀಟಿಯಲ್ಲಿ ಇರಲಿಲ್ಲ" ಅಂದಳು. ಆ ಮಾತು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಶನಿವಾರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆ ಇದೆ. ತಂಗಿ ಗಂಡ ಅದರಲ್ಲಿ ಸದಸ್ಯ. ಚಿಲಕದ ಜೊತೆಗೆ ಹಾಳೆಯನ್ನೂ ಕೇಳಬೇಕು ಅಂತ ಹೇಳಿದ್ದೇನೆ. ಚಿಲಕ ಹಾಕಿಸಿ, ಹಾಳೆ ವಿಷಯ ಬಿಡಿ ಅಂದರೆ ನಾನಂತೂ ಒಪ್ಪುವುದಿಲ್ಲ.

ಅವಳು ಈಗ ಇಲ್ಲೇ ಪಕ್ಕದಲ್ಲಿ ಕೂತು ಅದನ್ನೇ ಮತ್ತೆ ಬರೆಯುತ್ತಿದ್ದಾಳೆ. "ದೊಡ್ಡಮ್ಮ, ಈ ಸಲ ನನ್ನ ಹೆಸರು ಹಾಕಲಾ, ಬೇಡವಾ?" ಅಂತ ಕೇಳಿದಳು.

ಹಾಕು ಅಂದೆ.